ದುಃಖ ಹೇಳಲು ದೊಡ್ಡ ಗಂಟಲು ಬೇಡ

ಕಳೆದ ಬೇಸಿಗೆಯಲ್ಲಿ ನಮ್ಮ ಬಳಗದ ಗೆಳತಿಯೊಬ್ಬಳು ಸುದ್ದಿಗೆಂದು ಒಂದು ಸಾವಿನ ಮನೆಗೆ ಹೋಗಿದ್ದಳು. ಆಗಷ್ಟೇ ಒಂದು ಸುದ್ದಿ ಸಂಸ್ಥೆಯಲ್ಲಿ ತರಬೇತಿಗೆ ಸೇರಿದ್ದಳು. ಸಾಲ ಮಾಡಿ ಬೋರ್‌ವೆಲ್ ಕೊರೆಸಿದ್ದ ರೈತ ತೀರಿಕೊಂಡು ಮೂರು ದಿನವಾಗಿತ್ತು. ಅವರ ಹೆಂಡತಿ ಮನೆ ಮುಂದಿನ ಕಟ್ಟೆ ಮೇಲೆ ಕೂತಿದ್ದರು. ಅಳುತ್ತಿರಲಿಲ್ಲ. ‘ಬಿಸಿಲಲ್ಲಿ ಬಂದವ್ರೆ, ನೀರು ಕೊಡಪ್ಪಾ’ ಎಂದು ಮಗನಿಗೆ ಹೇಳಿದರು. ನಮ್ಮ ಗೆಳತಿ ಅಷ್ಟನ್ನೇ ಬರೆದು ಕಳಿಸಿದಳು.

ಕಚೇರಿಯಿಂದ ಫೋನ್ ಬಂತು. ‘ಅಳೋ ವಿಡಿಯೋ ಇಲ್ವೇನಮ್ಮ? ಇನ್ನೊಂದ್ಸಲ ಹೋಗಿ ಮಾತಾಡ್ಸು. ಜನಕ್ಕೆ ಸೆಂಟಿಮೆಂಟ್ ಬೇಕು.’

ಅವಳು ಹೋಗಲಿಲ್ಲ. ಆದರೆ ಆ ಮಾತು ಅವಳನ್ನೂ ಬಿಡಲಿಲ್ಲ, ನಮ್ಮನ್ನೂ ಬಿಡಲಿಲ್ಲ. ನಮ್ಮ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಎರಡು ದಿನ ಜಗಳವೇ ಆಯಿತು. ‘ಸೆಂಟಿಮೆಂಟ್ ಅನ್ನೋದೇ ಕೆಟ್ಟದ್ದು, ಸುದ್ದಿಯಲ್ಲಿ ಅದು ಇರಲೇಬಾರದು’ ಎಂದು ಕೆಲವರು. ‘ಹಾಗಾದರೆ ಮನುಷ್ಯರ ಸುದ್ದಿಯನ್ನ ಮರದ ಕೊರಡಿನ ಹಾಗೆ ಬರೀಬೇಕಾ?’ ಎಂದು ಉಳಿದವರು. ಜಗಳದ ನಡುವೆ ಒಬ್ಬ ಗೆಳೆಯ ಒಂದು ಹಾಡಿನ ಲಿಂಕ್ ಹಾಕಿದ. ಜೊತೆಗೆ ಒಂದೇ ಸಾಲು: ‘ಇದೂ ಗಂಡನನ್ನು ಕಳೆದುಕೊಂಡವಳು ಬರೆದ ಹಾಡು. ಇಯರ್‌ಫೋನ್ ಹಾಕ್ಕೊಂಡು ಕೇಳಿ.’

ಅದು 1940ರ ಅಮೆರಿಕದ ರೆಕಾರ್ಡು. ನುಡಿಸಿದ್ದು ಟಾಮಿ ಡಾರ್ಸಿ ಎಂಬಾತನ ಆರ್ಕೆಸ್ಟ್ರಾ. ಹಾಡಿನ ಹೆಸರು ‘ಐ ವಿಲ್ ನೆವರ್ ಸ್ಮೈಲ್ ಅಗೇನ್’, ಅಂದರೆ ‘ನಾನಿನ್ನು ನಗಲಾರೆ’. ಆಮೇಲೆ ನಾವು ಅದೇ ಡಾರ್ಸಿಯ ಇನ್ನಷ್ಟು ಹಾಡುಗಳನ್ನು ಹುಡುಕಿ ಕೇಳಿದೆವು, ಅವನ ಬಗ್ಗೆ ಓದಿದೆವು. ಕೇಳಿದ ಮೇಲೆ ನಮಗೆ ಒಂದು ಅಭಿಪ್ರಾಯ ಗಟ್ಟಿಯಾಯಿತು. ಅದನ್ನೇ ಇಲ್ಲಿ ಹೇಳುತ್ತಿದ್ದೇವೆ. ಸೆಂಟಿಮೆಂಟ್ ಕೆಟ್ಟದ್ದಲ್ಲ. ಹಿಡಿತ ಇಲ್ಲದ ಸೆಂಟಿಮೆಂಟ್ ಕೆಟ್ಟದ್ದು.

ಮೊದಲು ಆ ಮನುಷ್ಯನ ಬಗ್ಗೆ ಸ್ವಲ್ಪ ಹೇಳಬೇಕು.

ಟಾಮಿ ಡಾರ್ಸಿ ಹುಟ್ಟಿದ್ದು 1905ರಲ್ಲಿ, ಅಮೆರಿಕದ ಪೆನ್ಸಿಲ್ವೇನಿಯಾದ ಕಲ್ಲಿದ್ದಲು ಗಣಿಗಳ ಸೀಮೆಯಲ್ಲಿ. ಅಪ್ಪ ಗಣಿಯಲ್ಲಿ ದುಡಿದವರು. ಜೊತೆಗೆ ಸಂಗೀತ ಕಲಿತು, ಊರಿನ ಬ್ಯಾಂಡ್ ನಡೆಸಿ, ಮಕ್ಕಳಿಗೆ ಪಾಠ ಹೇಳುತ್ತಿದ್ದವರು. ತನ್ನ ಇಬ್ಬರು ಗಂಡುಮಕ್ಕಳು ಗಣಿಗೆ ಇಳಿಯಬಾರದು ಎಂಬುದು ಅವರ ಹಟ. ದೊಡ್ಡವನು ಜಿಮ್ಮಿ, ಸ್ಯಾಕ್ಸೊಫೋನ್ ಮತ್ತು ಕ್ಲಾರಿನೆಟ್ ಹಿಡಿದ. ಚಿಕ್ಕವನು ಟಾಮಿ, ಟ್ರಾಂಬೋನ್ ಹಿಡಿದ.

ಟ್ರಾಂಬೋನ್ ಅಂದರೆ ಯಾವುದು ಎಂದು ಕೇಳಿದರೆ, ಹಿತ್ತಾಳೆಯ ಉದ್ದನೆಯ ಕೊಳವೆಯನ್ನು ಹಿಂದಕ್ಕೂ ಮುಂದಕ್ಕೂ ಎಳೆಯುತ್ತಾ ಊದುತ್ತಾರಲ್ಲ, ಅದೇ. ಮದುವೆ ದಿಬ್ಬಣದ ಬ್ಯಾಂಡ್ ಸೆಟ್‌ನಲ್ಲೋ, ಪೊಲೀಸ್ ಬ್ಯಾಂಡ್‌ನಲ್ಲೋ ನೀವು ನೋಡಿರಬಹುದು. ಟ್ರಂಪೆಟ್‌ನಲ್ಲಿ ಒತ್ತಲು ಗುಂಡಿಗಳಿರುತ್ತವೆ. ಟ್ರಾಂಬೋನಿನಲ್ಲಿ ಸಾಮಾನ್ಯವಾಗಿ ಅವೂ ಇಲ್ಲ. ಕೊಳವೆ ಎಳೆಯಲು ಏಳು ಜಾಗ ಎಂದು ಲೆಕ್ಕ. ಆ ಜಾಗಕ್ಕೆ ಗುರುತೇನೂ ಇರುವುದಿಲ್ಲ, ಕೈಯಳತೆ ಮತ್ತು ಕಿವಿ ಎರಡೇ ಗತಿ. ಒಂದು ಬೆರಳಿನಷ್ಟು ತಪ್ಪಿದರೆ ಶ್ರುತಿ ಹೋಯಿತು.

ಇದರಲ್ಲಿ ಇನ್ನೊಂದು ತೊಡಕಿದೆ. ಒಂದು ಸ್ವರದಿಂದ ಇನ್ನೊಂದಕ್ಕೆ ಕೊಳವೆ ಎಳೆಯುವಾಗ ನಡುವಿನ ಸದ್ದೆಲ್ಲ ಜಾರಿ ಕೇಳಿಸಿಬಿಡುತ್ತದೆ. ತಮಾಷೆಯ ದೃಶ್ಯಗಳಲ್ಲಿ ಯಾರಾದರೂ ಬಿದ್ದಾಗ ‘ವ್ವಾಂ’ ಎಂದು ಇಳಿಯುವ ಸದ್ದು ಬರುತ್ತದಲ್ಲ, ಅದು ಬಹಳ ಸಲ ಈ ವಾದ್ಯದ್ದೇ. ಹಾಗೆ ಜಾರದಂತೆ ಮಾಡಲು ಕೈ ಮಿಂಚಿನಂತೆ ಸರಿಯಬೇಕು, ನಾಲಿಗೆ ಗಾಳಿಯನ್ನು ಮೆಲ್ಲಗೆ ತಡೆದು ಬಿಡಬೇಕು, ಆದರೂ ಉಸಿರು ನಿಲ್ಲಬಾರದು. ಡಾರ್ಸಿಯ ಹೆಚ್ಚುಗಾರಿಕೆ ಇದ್ದದ್ದು ಅಲ್ಲೇ. ದನ ಅರಚಿದಂತೆ ಕೂಗಬಲ್ಲ ವಾದ್ಯದಲ್ಲಿ ಅವನು ತಾಯಿ ಮಗುವನ್ನು ತಟ್ಟಿ ಮಲಗಿಸುವಂಥ ದನಿ ತೆಗೆದ.

1935ರಲ್ಲಿ ಅವನು ಧ್ವನಿಮುದ್ರಿಸಿದ ‘ಐಯಾಮ್ ಗೆಟಿಂಗ್ ಸೆಂಟಿಮೆಂಟಲ್ ಓವರ್ ಯು’ ಕೇಳಿ. ಈ ರಾಗವೇ ಅವನ ಆರ್ಕೆಸ್ಟ್ರಾದ ಗುರುತಾಯಿತು. ಹಾಡಿಗೆ ಮಾತುಗಳಿದ್ದವು, ಆದರೆ ಈ ರೆಕಾರ್ಡಿನಲ್ಲಿ ಯಾರೂ ಹಾಡುವುದಿಲ್ಲ. ಟ್ರಾಂಬೋನೇ ಹಾಡುತ್ತದೆ. ಇಂಗ್ಲಿಷ್ ಬಾರದವರಿಗೆ ಇದರಿಂದಲೇ ಶುರು ಮಾಡಿ ಎಂದು ನಾವು ಹೇಳುತ್ತೇವೆ, ಏಕೆಂದರೆ ಇಲ್ಲಿ ಅರ್ಥವಾಗದ ಮಾತೇ ಇಲ್ಲ. ಈ ಹಾಡಿನಿಂದಲೇ ಅವನಿಗೆ ‘ಸ್ವಿಂಗ್ ಸಂಗೀತದ ಸೆಂಟಿಮೆಂಟಲ್ ಜಂಟಲ್‌ಮನ್’ ಎಂಬ ಬಿರುದು ಅಂಟಿಕೊಂಡಿತು.

ಸ್ವಿಂಗ್ ಅಂದರೆ ಆ ಕಾಲದ ಕುಣಿತದ ಸಂಗೀತ. ಕಪ್ಪು ಜನರ ಜಾಝ್‌ನಿಂದ ಬೆಳೆದು ಬಂದದ್ದು. ಅದನ್ನು ನುಡಿಸುತ್ತಿದ್ದ ದೊಡ್ಡ ತಂಡಗಳಿಗೆ ಬಿಗ್ ಬ್ಯಾಂಡ್ ಎನ್ನುತ್ತಿದ್ದರು. ಟ್ರಂಪೆಟ್ ಮೂರ್ನಾಲ್ಕು, ಟ್ರಾಂಬೋನ್ ಮೂರ್ನಾಲ್ಕು, ಸ್ಯಾಕ್ಸೊಫೋನ್ ನಾಲ್ಕೈದು, ಪಿಯಾನೋ, ಗಿಟಾರ್, ಬೇಸ್, ಡ್ರಮ್. ಹೆಚ್ಚುಕಡಿಮೆ ಹದಿನೈದು ಜನ. ಎಲ್ಲರೂ ಒಟ್ಟಿಗೆ ಗಟ್ಟಿಯಾಗಿ ಊದಿದರೆ ಊರ ಜಾತ್ರೆಯಷ್ಟು ಸದ್ದು ಮಾಡಬಲ್ಲರು. ಅಷ್ಟು ಜನರ ತಂಡ ಬಾಯಿಗೆ ಬೆರಳಿಟ್ಟಂತೆ ಸದ್ದು ತಗ್ಗಿಸಿ ಒಬ್ಬನಿಗೆ ಜಾಗ ಬಿಟ್ಟುಕೊಟ್ಟರೆ ಹೇಗಿರುತ್ತದೆ? ಈ ಹಾಡುಗಳಲ್ಲಿ ಕೇಳಿಸುವುದು ಅದು.

ಈಗ ನಮ್ಮ ಜಗಳ ನಿಲ್ಲಿಸಿದ ಆ ಹಾಡಿಗೆ ಬರೋಣ.

ಕೆನಡಾದ ಟೊರಾಂಟೊದಲ್ಲಿ ರೂತ್ ಲೋ ಎಂಬ ಹೆಣ್ಣುಮಗಳಿದ್ದಳು. ಪಿಯಾನೋ ನುಡಿಸಿ ದುಡಿಯುತ್ತಿದ್ದವಳು. ಬರೀ ಹೆಂಗಸರೇ ಇದ್ದ ಒಂದು ಬ್ಯಾಂಡಿನಲ್ಲೂ ಇದ್ದಳು. 1938ರಲ್ಲಿ ಮದುವೆಯಾದಳು. ಮರುವರ್ಷವೇ ಆಪರೇಷನ್ ಸಮಯದಲ್ಲಿ ಗಂಡ ತೀರಿಕೊಂಡ. ಇಪ್ಪತ್ತೈದರ ಆಸುಪಾಸಿನ ವಯಸ್ಸು. ಆ ದುಃಖದಲ್ಲಿ ಅವಳು ಬರೆದ ಹಾಡು ಇದು. ಮೊದಲು ಟೊರಾಂಟೊ ರೇಡಿಯೋದಲ್ಲಿ ಪ್ರಸಾರವಾಯಿತು, ಆಮೇಲೆ ಡಾರ್ಸಿಯ ಕೈ ಸೇರಿತು.

ಯೋಚಿಸಿ ನೋಡಿ. ಗಂಡನನ್ನು ಕಳೆದುಕೊಂಡವಳು ತಾನೇ ಬರೆದ ಹಾಡು, ನುಡಿಸಲು ದೊಡ್ಡ ಆರ್ಕೆಸ್ಟ್ರಾ. ಇಂದಿನ ಯಾವುದಾದರೂ ಚಾನೆಲ್ ಕೈಗೆ ಸಿಕ್ಕಿದ್ದರೆ ಏನು ಮಾಡುತ್ತಿದ್ದರು? ಪಿಟೀಲು ಕೊಯ್ದು, ಗಂಟಲು ಹರಿದು, ಕಣ್ಣಿಗೆ ಕ್ಯಾಮೆರಾ ಹಿಡಿದು ಮುಗಿಸುತ್ತಿದ್ದರು.

ಡಾರ್ಸಿ ಏನು ಮಾಡಿದ? ಹದಿನೈದು ಜನರ ಸದ್ದನ್ನು ಬಹುತೇಕ ಬಾಯಿ ಮುಚ್ಚಿಸಿದ. ಮೊದಲು ಕೇಳಿಸುವುದು ಸೆಲೆಸ್ಟಾ ಎಂಬ ಪುಟ್ಟ ವಾದ್ಯ, ದೂರದಲ್ಲಿ ಗೆಜ್ಜೆ ಅಲುಗಿದಂತೆ. ಆಮೇಲೆ ನಾಲ್ಕೈದು ದನಿಗಳು ಒಟ್ಟಿಗೆ, ಪಿಸುಮಾತಿಗಿಂತ ಸ್ವಲ್ಪ ಮೇಲೆ. ಹಾಡಿದ್ದು ಪೈಡ್ ಪೈಪರ್ಸ್ ಎಂಬ ತಂಡ ಮತ್ತು ಆ ವರ್ಷದ ಜನವರಿಯಲ್ಲಷ್ಟೇ ಆರ್ಕೆಸ್ಟ್ರಾ ಸೇರಿದ್ದ ಇಪ್ಪತ್ತನಾಲ್ಕರ ಹುಡುಗ ಫ್ರಾಂಕ್ ಸಿನಾತ್ರಾ. ಯಾರದೋ ಮನೆಯಲ್ಲಿ ಪಿಯಾನೋ ಸುತ್ತ ನಾಲ್ಕು ಜನ ಸೇರಿದಾಗ ಹಾಡುತ್ತೀರಲ್ಲ, ಹಾಗೆ ಹಾಡಿ ಎಂದು ಡಾರ್ಸಿ ಅವರಿಗೆ ಹೇಳಿದನಂತೆ. ನಡುವೆ ಅವನ ಟ್ರಾಂಬೋನ್ ಬರುತ್ತದೆ. ಅದೂ ಕೂಗುವುದಿಲ್ಲ. ಬಂದು, ಹೇಳಬೇಕಾದ್ದು ಹೇಳಿ, ಪಕ್ಕಕ್ಕೆ ಸರಿಯುತ್ತದೆ.

ಇಡೀ ರೆಕಾರ್ಡಿನಲ್ಲಿ ಯಾರೂ ಬಿಕ್ಕುವುದಿಲ್ಲ. ಆದರೆ ಕೇಳಿದ ನಮ್ಮಲ್ಲಿ ಮೂವರು ಅತ್ತೆವು. ಬಂದವರಿಗೆ ನೀರು ಕೊಡು ಎಂದ ಆ ತಾಯಿಯ ನೆನಪು ನಮ್ಮ ಗೆಳತಿಗೆ ಆಗ ಬಂತಂತೆ.

ಜನಕ್ಕೆ ಇಂಥದ್ದು ಬೇಡ, ಜನಕ್ಕೆ ಮಸಾಲೆ ಬೇಕು ಎನ್ನುವವರಿಗೆ ಒಂದು ಲೆಕ್ಕ ಹೇಳುತ್ತೇವೆ. ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆ ಯಾವ ರೆಕಾರ್ಡು ಹೆಚ್ಚು ಮಾರಾಟವಾಗುತ್ತಿದೆ ಎಂಬ ದೇಶದ ಪಟ್ಟಿಯನ್ನು ಪ್ರಕಟಿಸಲು ಶುರು ಮಾಡಿದ್ದು 1940ರ ಜುಲೈ 27ರಂದು. ಆ ಮೊಟ್ಟಮೊದಲ ಪಟ್ಟಿಯ ಮೊದಲ ಸ್ಥಾನದಲ್ಲಿದ್ದದ್ದು ಇದೇ ಪಿಸುಮಾತಿನ ಹಾಡು. 12 ವಾರ ಅಲ್ಲೇ ಇತ್ತು. ಜನ ಕೊಂಡು ಕೇಳಿದ್ದು ಅರಚಾಟವನ್ನಲ್ಲ.

ಈ ಹಿಡಿತ ಸುಮ್ಮನೆ ಬಂದದ್ದಲ್ಲ. ಅದರ ಹಿಂದೆ ಉಸಿರಿನ ದುಡಿಮೆ ಇದೆ.

ಸಿನಾತ್ರಾ ಮುಂದೆ ಲೋಕಪ್ರಸಿದ್ಧ ಗಾಯಕನಾದ. ತನಗೆ ಹಾಡಲು ಕಲಿಸಿದ್ದು ಡಾರ್ಸಿಯ ಟ್ರಾಂಬೋನ್ ಎಂದು ಅವನೇ ಹಲವು ಸಲ ಹೇಳಿಕೊಂಡಿದ್ದಾನೆ. ವೇದಿಕೆಯಲ್ಲಿ ಡಾರ್ಸಿಯ ಹಿಂದೆ ಕೂತು ಅವನ ಬೆನ್ನನ್ನೇ ನೋಡುತ್ತಿದ್ದನಂತೆ. ಉಸಿರು ಎಳೆದುಕೊಳ್ಳುವುದು ಯಾವಾಗ ಎಂದು ಕಂಡುಹಿಡಿಯಬೇಕಲ್ಲ. ಆದರೆ ಕೋಟು ಅಲುಗಿದ್ದೇ ಕಾಣಲಿಲ್ಲ. ಹಾಡಿನ ಎರಡು ಮೂರು ಸಾಲುಗಳಷ್ಟು ದೂರ ಸ್ವರ ಮುರಿಯದೆ ಹರಿಯುತ್ತಿತ್ತು. ಕೊನೆಗೆ ಗುಟ್ಟು ತಿಳಿಯಿತು. ಊದುತ್ತಿರುವಾಗಲೇ ಬಾಯಿಯ ಒಂದು ಮೂಲೆಯಲ್ಲಿ ಸೂಜಿಮೊನೆಯಷ್ಟು ಸಂದು ಮಾಡಿಕೊಂಡು ಡಾರ್ಸಿ ಕದ್ದು ಉಸಿರು ತುಂಬಿಕೊಳ್ಳುತ್ತಿದ್ದ. ಸಿನಾತ್ರಾ ತಾನೂ ಹಾಗೆ ಹಾಡಬೇಕೆಂದು ಈಜುಕೊಳದಲ್ಲಿ ನೀರೊಳಗೆ ಉಸಿರು ಹಿಡಿದು ಈಜಿದ, ಮೈದಾನದಲ್ಲಿ ಓಡಿ ಎದೆ ಗಟ್ಟಿ ಮಾಡಿಕೊಂಡ.

ನಮ್ಮ ಕಡೆ ಪುಂಗಿ ಊದುವವರು, ನಾಗಸ್ವರ ನುಡಿಸುವವರು ಇದನ್ನು ಕೇಳಿದರೆ ನಗಬಹುದು. ಉಸಿರಿನ ಬೆಲೆ ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. ನಾವು ಹೇಳಬೇಕೆಂದಿರುವುದು ಇಷ್ಟು. ಸಾಲಿನ ನಡುವೆ ಉಸಿರು ಮುರಿದರೆ ಮಾತು ಮುರಿಯುತ್ತದೆ, ಮಾತು ಮುರಿದರೆ ಕೇಳುಗನ ಗಮನ ದುಃಖ ಬಿಟ್ಟು ಹಾಡುಗಾರನ ಕಡೆ ಹೋಗುತ್ತದೆ. ಡಾರ್ಸಿ ತನ್ನ ಉಸಿರನ್ನು ಬಚ್ಚಿಟ್ಟದ್ದರಿಂದಲೇ ರೂತ್ ಲೋಳ ದುಃಖ ಮುಂದೆ ನಿಂತಿತು.

ಇನ್ನೊಂದು ಹಿಡಿತ ಆ ರೆಕಾರ್ಡಿನ ತಟ್ಟೆಯೇ ಹಾಕಿದ್ದು. ಇದರಲ್ಲಿ ನಮ್ಮ ದೇಶದ ಕಥೆಯೂ ಇದೆ.

ಆಗಿನ ತಟ್ಟೆಗಳು ನಿಮಿಷಕ್ಕೆ 78 ಸುತ್ತು ತಿರುಗುತ್ತಿದ್ದವು. ಒಂದು ಮಗ್ಗುಲಿಗೆ ಸುಮಾರು ಮೂರು ನಿಮಿಷ ಮಾತ್ರ. ಅಷ್ಟರಲ್ಲಿ ದುಃಖ ಹೇಳಿ ಮುಗಿಸಬೇಕು. ಈಗಿನ ಹಾಗೆ ಒಬ್ಬೊಬ್ಬರದನ್ನೇ ಬೇರೆಬೇರೆ ದಾಖಲಿಸಿ ಆಮೇಲೆ ಜೋಡಿಸುವ ಪದ್ಧತಿಯೂ ಇರಲಿಲ್ಲ. ಎಲ್ಲರೂ ಒಂದೇ ಕೋಣೆಯಲ್ಲಿ ಒಟ್ಟಿಗೆ ನುಡಿಸಬೇಕು. ಒಬ್ಬ ತಪ್ಪಿದರೆ ಎಲ್ಲರೂ ಮತ್ತೆ ಮೊದಲಿನಿಂದ.

ಆ ತಟ್ಟೆಗಳನ್ನು ಮಾಡುತ್ತಿದ್ದದ್ದು ಯಾವುದರಿಂದ ಗೊತ್ತೇ? ಕಲ್ಲಿನ ಪುಡಿಯಂಥವನ್ನು ಅರಗಿನಲ್ಲಿ ಬೆರೆಸಿ. ಪಾಂಡವರ ಅರಗಿನ ಮನೆಯ ಅರಗು, ಚನ್ನಪಟ್ಟಣದ ಬೊಂಬೆಗೆ ಹೊಳಪು ಕೊಡುವ ಅರಗು. ಮುತ್ತುಗ, ಬೋರೆಯಂಥ ಮರಗಳ ರೆಂಬೆಯ ಮೇಲೆ ಪುಟ್ಟ ಹುಳುಗಳು ಕಟ್ಟುವ ಅಂಟು ಅದು. ಜಗತ್ತಿನ ಅರಗಿನಲ್ಲಿ ಬಹುಪಾಲು ಹೋಗುತ್ತಿದ್ದದ್ದು ಭಾರತದಿಂದ, ಅದರಲ್ಲೂ ಈಗಿನ ಜಾರ್ಖಂಡಿನ ಕಾಡುಗಳ ಕಡೆಯಿಂದ. 1937ರಲ್ಲಿ ಡಾರ್ಸಿಯ ಒಂದು ತಟ್ಟೆ ಬಹಳ ಹೆಸರು ಮಾಡಿತು. ಒಂದು ಮಗ್ಗುಲಲ್ಲಿ ‘ಮಾರಿ’ ಎಂಬ ಪ್ರೇಮಗೀತೆ, ಇನ್ನೊಂದರಲ್ಲಿ ‘ಸಾಂಗ್ ಆಫ್ ಇಂಡಿಯಾ’. ಎರಡನೆಯದು ರಷ್ಯಾದ ರಿಮ್‌ಸ್ಕಿ ಕೊರ್ಸಕೋವ್ ಎಂಬುವರ ಒಪೆರಾದಿಂದ ತೆಗೆದುಕೊಂಡ ರಾಗ. ಹೆಸರಿನಲ್ಲಿ ಭಾರತ ಇದ್ದರೂ ಸಂಗೀತದಲ್ಲಿ ನಮ್ಮದೇನೂ ಇಲ್ಲ. ಭಾರತದ್ದು ಎಂದು ಏನಾದರೂ ಇದ್ದರೆ ಅದು ತಟ್ಟೆಯೊಳಗಿನ ಅರಗು.

ಎರಡನೇ ಮಹಾಯುದ್ಧ ಬಂದಾಗ ಹಡಗು ಸಂಚಾರ ಕಷ್ಟವಾಯಿತು, ಅರಗು ಯುದ್ಧದ ಕೆಲಸಕ್ಕೂ ಬೇಕಾಯಿತು. 1942ರ ಏಪ್ರಿಲ್‌ನಲ್ಲಿ ಅಮೆರಿಕದ ಸರ್ಕಾರ ರೆಕಾರ್ಡ್ ಕಂಪನಿಗಳು ಬಳಸುವ ಅರಗನ್ನು ಶೇ 70ರಷ್ಟು ಕಡಿತ ಮಾಡಿತು. ಕಂಪನಿಗಳು ಹಳೆಯ ತಟ್ಟೆಗಳನ್ನು ವಾಪಸು ತೆಗೆದುಕೊಂಡು, ಪುಡಿ ಮಾಡಿ, ಹೊಸ ಹಾಡು ಒತ್ತಿದವು. ಅದೇ ಆಗಸ್ಟ್‌ನಲ್ಲಿ ವಾದ್ಯಗಾರರ ಸಂಘ ಧ್ವನಿಮುದ್ರಣದ ವಿರುದ್ಧ ಮುಷ್ಕರ ಹೂಡಿತು. ಡಾರ್ಸಿಯ ಕಂಪನಿ ರಾಜಿಗೆ ಬಂದದ್ದು 1944ರ ನವೆಂಬರಿನಲ್ಲಿ. ಮುಷ್ಕರಕ್ಕೆ ಮುಂಚೆ ಜುಲೈನಲ್ಲಿ ದಾಖಲಿಸಿದ್ದ ‘ದೇರ್ ಆರ್ ಸಚ್ ಥಿಂಗ್ಸ್’ ಎಂಬ ಮೆಲುದನಿಯ ಹಾಡು 1943ರ ಹೊತ್ತಿಗೆ ಮತ್ತೆ ಮೊದಲ ಸ್ಥಾನಕ್ಕೆ ಬಂತು. ಲಕ್ಷಾಂತರ ಮನೆಗಳಿಂದ ಹುಡುಗರು ಯುದ್ಧಕ್ಕೆ ಹೋಗಿದ್ದ ಕಾಲ ಅದು. ಆ ಮನೆಗಳಿಗೆ ಭಾಷಣ ಸಾಕಷ್ಟು ಕೇಳಿಸುತ್ತಿತ್ತು. ಇಂಥ ಹಾಡೂ ಬೇಕಿತ್ತು.

ಇಷ್ಟೆಲ್ಲ ಹೊಗಳಿ, ಎದುರು ಮಾತು ಹೇಳದಿದ್ದರೆ ನಾವು ಓದಿದ ಪತ್ರಿಕೋದ್ಯಮಕ್ಕೆ ಅರ್ಥವಿಲ್ಲ.

ಜಾಝ್ ಬಲ್ಲವರಲ್ಲಿ ಬಹಳ ಜನ ಇಂಥ ಹಾಡುಗಳನ್ನು ಸಕ್ಕರೆ ಪಾಕ ಎಂದು ಮೂಗು ಮುರಿದರು. ನಿಜವಾದ ಜಾಝ್ ಎಂದರೆ ಆ ಕ್ಷಣಕ್ಕೆ ಹುಟ್ಟುವ ಮನೋಧರ್ಮ, ಇದೆಲ್ಲ ಬರೆದಿಟ್ಟುಕೊಂಡು ನುಡಿಸುವ ಅಂದಗಾರಿಕೆ ಎಂಬುದು ಅವರ ವಾದ. ಅದರಲ್ಲಿ ಸತ್ಯ ಇದೆ. ಮನೋಧರ್ಮದ ಟ್ರಾಂಬೋನಿಗೆ ಜ್ಯಾಕ್ ಟೀಗಾರ್ಡನ್ ತನಗಿಂತ ಮೇಲು ಎಂದು ಡಾರ್ಸಿಯೇ ಒಪ್ಪಿಕೊಳ್ಳುತ್ತಿದ್ದ. ತನಗೆ ಏನು ಬರುತ್ತದೆ, ಏನು ಬರುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಅವನ ಹಾಡುಗಳಲ್ಲಿ ಬರೀ ಸಕ್ಕರೆ ಇರುವವೂ ಇವೆ. ನಾವೂ ಕೆಲವನ್ನು ಅರ್ಧಕ್ಕೆ ನಿಲ್ಲಿಸಿದೆವು.

ಎರಡನೆಯದು ಇನ್ನೂ ದೊಡ್ಡ ಮಾತು. ‘ಮಾರಿ’ಯಲ್ಲಿ ಗಾಯಕ ಹಾಡುವಾಗ ಹಿಂದಿನಿಂದ ತಂಡದವರೆಲ್ಲ ಮಾತು ಸೇರಿಸುತ್ತಾರೆ, ನಮ್ಮ ಭಜನೆಯಲ್ಲಿ ಮೇಳದವರು ಎತ್ತಿಕೊಂಡ ಹಾಗೆ. ಆ ಜಾಣತನ ಡಾರ್ಸಿಯದ್ದಲ್ಲ, ಸನ್‌ಸೆಟ್ ರಾಯಲ್ ಸೆರೆನೇಡರ್ಸ್ ಎಂಬ ಕಪ್ಪು ಕಲಾವಿದರ ತಂಡದಿಂದ ಬಂದದ್ದು. 1939ರಿಂದ ಅವನ ತಂಡಕ್ಕೆ ಹೊಸ ಕಸುವು ತುಂಬಿದ ಸೈ ಆಲಿವರ್ ಕೂಡ ಕಪ್ಪು ಕಲಾವಿದರೇ. ವರ್ಣಭೇದದ ಆ ಕಾಲದಲ್ಲಿ ದೊಡ್ಡ ಹೋಟೆಲು, ದೊಡ್ಡ ಹಣ, ದೊಡ್ಡ ಹೆಸರು ಸಿಕ್ಕಿದ್ದು ಹೆಚ್ಚಾಗಿ ಬಿಳಿಯರ ತಂಡಗಳಿಗೆ. ಯಾರ ಬೆವರು, ಯಾರ ಹೆಸರು ಎಂಬ ಪ್ರಶ್ನೆ ನಮ್ಮ ಹಳ್ಳಿಗಳಲ್ಲಿ ತಮಟೆ, ಡೊಳ್ಳು, ವಾಲಗ ನುಡಿಸುವ ಮನೆಗಳವರಿಗೆ ಹೊಸದಲ್ಲ.

ಮೂರನೆಯದು, ರೆಕಾರ್ಡಿನಲ್ಲಿ ಅಷ್ಟು ಮೃದುವಾಗಿದ್ದವನು ಹೊರಗೆ ಮಹಾ ಕೋಪಿಷ್ಠ. 1935ರಲ್ಲಿ ವೇದಿಕೆಯ ಮೇಲೆಯೇ, ಒಂದು ಹಾಡಿನ ವೇಗದ ವಿಷಯಕ್ಕೆ ಅಣ್ಣ ಜಿಮ್ಮಿಯ ಜೊತೆ ಜಗಳವಾಡಿ ಎದ್ದು ಹೋದವನು ಅವನು. ಅಣ್ಣ ತಮ್ಮ ಮತ್ತೆ ಒಂದೇ ಆರ್ಕೆಸ್ಟ್ರಾದಲ್ಲಿ ಕೂಡಿದ್ದು 1953ರಲ್ಲಿ. 1942ರಲ್ಲಿ ಸಿನಾತ್ರಾ ಬಿಟ್ಟು ಹೊರಟಾಗ, ಅವನ ಮುಂದಿನ ಗಳಿಕೆಯಲ್ಲಿ ಮೂರನೇ ಒಂದು ಪಾಲು ತನಗೆ ಬರಬೇಕೆಂಬ ಕರಾರು ಡಾರ್ಸಿಯ ಕೈಯಲ್ಲಿತ್ತು. ಅದನ್ನು ಬಿಡಿಸಿಕೊಳ್ಳಲು ಸಿನಾತ್ರಾ ಕಡೆಯವರು ದೊಡ್ಡ ಮೊತ್ತ ತೆರಬೇಕಾಯಿತು. 1956ರ ನವೆಂಬರಿನಲ್ಲಿ ಡಾರ್ಸಿ ನಿದ್ದೆಯಲ್ಲೇ ಉಸಿರುಗಟ್ಟಿ ತೀರಿಕೊಂಡ. ಉಸಿರಿನಿಂದಲೇ ಹೆಸರಾದವನಿಗೆ ಐವತ್ತೊಂದು ವರ್ಷ. ಏಳು ತಿಂಗಳೊಳಗೆ ಅಣ್ಣನೂ ಹೋದ.

ಇದೆಲ್ಲ ತಿಳಿದ ಮೇಲೂ ನಮ್ಮ ಅಭಿಪ್ರಾಯ ಬದಲಾಗಲಿಲ್ಲ. ಡಾರ್ಸಿ ಒಳ್ಳೆಯವನಾಗಿದ್ದ, ಅದಕ್ಕೇ ಹಾಡು ಒಳ್ಳೆಯದಾಯಿತು ಎಂದು ನಾವು ಹೇಳುತ್ತಿಲ್ಲ. ಅವನ ಕೆಲಸದ ಶಿಸ್ತು ಅವನಿಗಿಂತ ದೊಡ್ಡದಾಗಿತ್ತು. ಹಾಗೆ ನೋಡಿದರೆ ನಮಗೆ ಅದರಲ್ಲಿ ಧೈರ್ಯವೇ ಇದೆ. ಎಲ್ಲರೂ ಸಂತರಾಗಿ ಆಮೇಲೆ ಸುದ್ದಿ ಬರೆಯುತ್ತೇವೆ ಎಂದರೆ ಆಗದ ಮಾತು. ಆದರೆ ಸಾವಿನ ಮನೆಗೆ ಹೋದಾಗ ದನಿ ತಗ್ಗಿಸುವುದನ್ನು ಯಾರಾದರೂ ಕಲಿಯಬಹುದು.

ನಮ್ಮೂರುಗಳಲ್ಲಿ ಇದು ಗೊತ್ತಿಲ್ಲದ ವಿಷಯವೂ ಅಲ್ಲ. ಸಾವಿನ ಮನೆಯ ರಾತ್ರಿ ಭಜನೆ ಮಾಡುವವರು ತಾಳ ಎಷ್ಟು ಮೆಲ್ಲಗೆ ತಟ್ಟುತ್ತಾರೆ ಗಮನಿಸಿ. ಸತ್ತವರ ಗುಣ ಎತ್ತಿ ಹಾಡಿ ಅಳುವ ಅಜ್ಜಿಯರು ಎಲ್ಲಿ ನಿಲ್ಲಿಸಬೇಕು ಎಂದು ಬಲ್ಲರು. ಮೈಕ್ ಹಿಡಿದ ನಾವೇ ಅದನ್ನು ಮರೆತದ್ದು. ಓದುವ, ನೋಡುವ ನೀವೂ ಸ್ವಲ್ಪ ಮರೆತಿದ್ದೀರಿ. ತಪ್ಪು ತಿಳಿಯಬೇಡಿ. ಅಳುವ ಮುಖದ ವಿಡಿಯೋ ಬಂದರೆ ನಾವು ನೀವು ಎಲ್ಲರೂ ಹತ್ತು ಗುಂಪಿಗೆ ಕಳಿಸುತ್ತೇವೆ. ಅದಕ್ಕೇ ಕಚೇರಿಯವರು ಇನ್ನೊಂದ್ಸಲ ಹೋಗು ಎನ್ನುತ್ತಾರೆ.

ಹಾಗಾಗಿ ನಮ್ಮ ಗುಂಪಿನಲ್ಲಿ ಒಂದು ತೀರ್ಮಾನ ಮಾಡಿಕೊಂಡಿದ್ದೇವೆ. ಈ ತಾಣದಲ್ಲಿ ಸಾವಿನ ಸುದ್ದಿ ಬಂದರೆ ಅಳುವವರ ಮುಖ ಹಾಕುವುದಿಲ್ಲ. ಸಾಲ ಎಷ್ಟಿತ್ತು, ಯಾರ ಬಳಿ ಇತ್ತು, ಪರಿಹಾರದ ಅರ್ಜಿ ಎಲ್ಲಿ ನಿಂತಿದೆ ಎಂಬುದನ್ನು ಬರೆಯುತ್ತೇವೆ. ಮನೆಯವರು ಹೇಳಿದ ಮಾತನ್ನು ಅವರು ಹೇಳಿದಷ್ಟೇ ದನಿಯಲ್ಲಿ ಬರೆಯುತ್ತೇವೆ. ತಪ್ಪಿದರೆ ಕೇಳಿ.

ನಿಮ್ಮಲ್ಲಿ ಒಂದು ವಿನಂತಿ. ಇವತ್ತು ರಾತ್ರಿ ಊಟ ಆದ ಮೇಲೆ, ಮನೆಯವರೆಲ್ಲ ಮಲಗಿದಾಗ, ಯೂಟ್ಯೂಬಿನಲ್ಲಿ ಟಾಮಿ ಡಾರ್ಸಿ ಎಂದು ಹುಡುಕಿ. ಮೊದಲು ಮಾತಿಲ್ಲದ ‘ಸೆಂಟಿಮೆಂಟಲ್’ ಹಾಡು, ಆಮೇಲೆ ‘ನೆವರ್ ಸ್ಮೈಲ್ ಅಗೇನ್’. ಎರಡೂ ಸೇರಿ ಆರೇಳು ನಿಮಿಷ, ಡೇಟಾ ಹೆಚ್ಚು ಹೋಗುವುದಿಲ್ಲ. ಟ್ರಾಂಬೋನ್ ಎಲ್ಲಿ ಉಸಿರು ತೆಗೆದುಕೊಂಡಿತು ಎಂದು ಹುಡುಕಿ ನೋಡಿ. ನಿಮ್ಮೂರ ಬ್ಯಾಂಡ್ ಸೆಟ್‌ನವರಿಗೂ ಕೇಳಿಸಿ. ಅವರಿಗೆ ಏನನ್ನಿಸಿತು ಎಂದು ನಮಗೆ ಬರೆದು ತಿಳಿಸಿ. ಅವರ ಮಾತು ಕೇಳಲು ನಮಗೆ ಬಹಳ ಆಸೆ.